ಸಂಜೆಯ ಹಾಡಿಗೆ ಬೆಳಗಿನ ಹೆಸರು

೧
ವೈರು ಸುತ್ತುವುದರಿಂದ ಶುರು ಮಾಡಲೇ? ಅಪ್ಪ ಒಂದು ತುದಿ ಹಿಡಿದಿದ್ದಾರೆ, ನಾನು ಮೊಣಕೈಗೆ ಸುತ್ತುತ್ತಿದ್ದೇನೆ. ಅಕ್ಕನ ಮೈಕಿನ ವೈರು. ನಿನ್ನೆ ವೇದಿಕೆಯಿಂದಿಳಿಸಿ ಅವಳನ್ನು ಕಾರಿನಲ್ಲಿ ಕರೆದೊಯ್ದವರು ಇನ್ನೂ ವಾಪಸ್ ಕಳಿಸಿಲ್ಲ.

(ಗುಟ್ಟನ್ನು ಮೊದಲ ಪ್ಯಾರಾದಲ್ಲೇ ಉಗುಳಿಬಿಟ್ಟೆ. ಓದುಗರನ್ನು ಆಟ ಆಡಿಸುವಷ್ಟು ತಾಳ್ಮೆ ಇವತ್ತು ನನಗಿಲ್ಲ.)

೨
ನಮ್ಮದು ಬಾಡಿಗೆಯ ಆರ್ಕೆಸ್ಟ್ರಾ. ಅಪ್ಪ ಕೀಬೋರ್ಡು, ಅಕ್ಕ ಹಾಡು, ನಾನು ವೈರು. ಚುನಾವಣೆ ಬಂದರೆ ಎರಡು ಪಕ್ಷಕ್ಕೂ ಅದೇ ರಾಗ, ಅದೇ ಸಾಲು. ಅಭ್ಯರ್ಥಿಯ ಹೆಸರು ಮಾತ್ರ ಬೇರೆ. "ಹೊಸದು ಕಟ್ಟೋಕೆ ಟೈಮೆಲ್ಲಿದೆ? ಜನಕ್ಕೆ ಕುಣಿಯೋಕೆ ಬಂದ್ರೆ ಸಾಕು" ಅನ್ನುತ್ತಿದ್ದರು ಅಪ್ಪ. ನಿನ್ನೆ ಬೆಳಿಗ್ಗೆ ಒಬ್ಬರಿಗೆ ಹಾಡಿದೆವು, ಸಂಜೆ ಅವರ ಎದುರಾಳಿಗೆ. ಸಂಜೆಯ ವೇದಿಕೆಯಲ್ಲಿ ಅಕ್ಕ ಬೆಳಗಿನ ಹೆಸರು ಹಾಡಿಬಿಟ್ಟಳು. ಕುಣಿಯುತ್ತಿದ್ದವರು ಕುಣಿಯುತ್ತಲೇ ಇದ್ದರು. ಅಭ್ಯರ್ಥಿ ಮಾತ್ರ ಮುಗಿದ ಕೈ ಇಳಿಸದೆ ನಿಂತುಬಿಟ್ಟ.

೩
ಅವಳು ಬೇಕೆಂದೇ ಹಾಡಿದಳು, ಅನ್ಯಾಯದ ಎದುರು ಎದೆಯೆತ್ತಿದಳು ಎಂದು ಬರೆಯತೊಡಗಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ಅಕ್ಕ ಕಾಗದದೊಳಗಿಂದಲೇ ಬೈದಳು.

"ಥೂ, ನನ್ನನ್ನ ವೀರವನಿತೆ ಮಾಡ್ಬೇಡ ಕಣೆ."

"ಮತ್ತೆ ಯಾಕೆ ಹಾಡ್ದೆ?"

"ಬಾಯಿ ತಪ್ತು. ಬೆಳಿಗ್ಗೆಯಿಂದ ಹೊಟ್ಟೇಲಿ ಏನೂ ಇರ್ಲಿಲ್ಲ. ನನಗೆ ಇಬ್ರೂ ಒಂದೇ."

"ಹಾಗಂತ ಅವರಿಗೆ ಹೇಳು."

"ಹೇಳ್ದೆ. ಅದಕ್ಕೇ ಇನ್ನೂ ಸಿಟ್ಟು ಬಂದಿದ್ದು."

ಆ ಕರಡು ಹರಿದು ಹಾಕಿದೆ.

೪
ಮುಕ್ತಾಯ ನೀವೇ ಆರಿಸಿಕೊಳ್ಳಿ. ಅಕ್ಕ ಬಾಗಿಲು ತಟ್ಟಿ, "ನೀರು ಕೊಡೆ" ಅನ್ನುತ್ತಾಳೆ. ಅಥವಾ ಬರುತ್ತಾಳೆ, ಆದರೆ ಮತ್ತೆಂದೂ ಹಾಡುವುದಿಲ್ಲ. ಮೂರನೆಯದನ್ನು ಬರೆಯಲು ಅಪ್ಪ ಬಿಡುತ್ತಿಲ್ಲ.

"ಬರೆದ್ರೆ ಆಗ್ಬಿಡುತ್ತೆ. ಬೇಡಮ್ಮ."

(ಪೊಲೀಸ್ ಠಾಣೆಯಲ್ಲೂ ಒಂದು ಮುಕ್ತಾಯ ಕೊಟ್ಟರು: "ಕೆಲಸಕ್ಕೆ ಹೋದೋಳು ತಾನೇ? ಬರ್ತಾಳೆ, ಹೋಗಮ್ಮ." ಅದನ್ನು ನಾನು ಸೇರಿಸುತ್ತಿಲ್ಲ.)

೫
ಠಾಣೆಯಿಂದ ಬಂದ ಮೇಲೆ ಅಪ್ಪನಿಗೆ ಹೆಜ್ಜೆ ಎತ್ತಲಾಗುತ್ತಿಲ್ಲ. ಹಾಗಾಗಿ ಸಂಜೆಯವರ ಪಕ್ಷದ ಕಚೇರಿಗೆ ನಾನೇ ಬಂದಿದ್ದೇನೆ, ಅಂಗಡಿಯಲ್ಲೂ ಬೆರಳು ತೋರಿಸಿ ಸಾಮಾನು ಕೇಳುವ ನಾನು. ನಾಲ್ಕೈದು ಜನ ಬಾವುಟಗಳಿಗೆ ಕೋಲು ಸಿಕ್ಕಿಸುತ್ತಿದ್ದಾರೆ. ಹೊರಗೆ ಪ್ರಚಾರದ ಗಾಡಿಯಲ್ಲಿ ಅಕ್ಕ ಹಾಡುತ್ತಿದ್ದಾಳೆ: ಹೋದ ವಾರ ರೆಕಾರ್ಡ್ ಮಾಡಿದ್ದು, ಸರಿಯಾದ ಹೆಸರಿನದು. ಅದಕ್ಕೆ ಒಬ್ಬ ಕಾಲಲ್ಲಿ ತಾಳ ಹಾಕುತ್ತಿದ್ದಾನೆ.

ಇದನ್ನು ಮುಕ್ತಾಯ ಎಂದುಕೊಳ್ಳಬೇಡಿ. ನಾನು ಒಂದು ಸಲ ಹೇಳಿಯಾಗಿದೆ, ಯಾರೂ ತಲೆ ಎತ್ತಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತೇನೆ.

"ಅಣ್ಣಾ, ನಮ್ಮಕ್ಕನ್ನ ಮನೆಗೆ ಕಳಿಸಿಕೊಡಿ."