ಕನ್ನಡಿ ಮೇಸ್ತ್ರಿಯ ಗಾಳಿ ಪಂಪ್

ದೋಣಿ ಕಟ್ಟುವ ಆ ಅಂಗಳದಲ್ಲಿ ಕನ್ನಡಿ ಮೇಸ್ತ್ರಿ ಎಂದರೆ ಒಬ್ಬನೇ. ಅವನು ಎನಾಮಲ್ ಬಣ್ಣ ಹೊಡೆದ ದೋಣಿಯ ಮುಂದೆ ನಿಂತು ಕೆಲಸಗಾರರು ತಲೆ ಬಾಚಿಕೊಳ್ಳುತ್ತಿದ್ದರು, ಅದಕ್ಕೇ ಆ ಹೆಸರು. ಹೆಸರೇನೋ ಉಳಿದಿತ್ತು. ಸ್ಪ್ರೇ ಗನ್ ಮಾತ್ರ ಅವನ ಭಾಮೈದನ ಕೈಗೆ ಹೋಗಿತ್ತು.

ತಪ್ಪು ಯಾರದೆಂದರೆ ಮೇಸ್ತ್ರಿಯದೇ. ಬಣ್ಣ ಕಲ್ಲಿನಂತೆ ಗಟ್ಟಿಯಾಗಲಿ ಎಂದು ಎನಾಮಲ್ಲಿಗೆ ಹಾರ್ಡ್ನರ್ ಬೆರೆಸುತ್ತಾರಲ್ಲ, ಆ ಬಣ್ಣದ ಮಂಜನ್ನು ಅವನು ಮೂಗಿಗೆ ಬರೀ ಕರ್ಚೀಫು ಕಟ್ಟಿಕೊಂಡು ವರ್ಷಗಟ್ಟಲೆ ಕುಡಿದಿದ್ದ. ಮಾಸ್ಕ್ ಹಾಕಿಕೊಂಡವರನ್ನು ಸೊಂಡಿಲು ಬಂತಾ ಎಂದು ಗೇಲಿ ಮಾಡುತ್ತಿದ್ದವನೂ ಅವನೇ. ಒಂದು ದಿನ ಎದೆ ಬಿಗಿದುಕೊಂಡಿತು. ಡಾಕ್ಟರು ಸುತ್ತಿಬಳಸದೆ ಹೇಳಿಬಿಟ್ಟರು: ಎದೆ ಒಮ್ಮೆ ಈ ಹಾರ್ಡ್ನರ್ ಮೇಲೆ ಮುನಿಸಿಕೊಂಡರೆ ಮತ್ತೆ ರಾಜಿಯಾಗುವುದಿಲ್ಲ, ಇನ್ನು ಆ ಮಂಜು ಒಂದು ಉಸಿರಿನಷ್ಟು ಒಳಗೆ ಹೋದರೂ ಕಷ್ಟ.

ಅದಾದ ಮೇಲೆ ಯಜಮಾನರಿಗೆ ಬುದ್ಧಿ ಬಂದು ಗಾಳಿ ಟೋಪಿ ತರಿಸಿದರು. ತಲೆಯಿಂದ ಭುಜದವರೆಗೆ ಮುಚ್ಚುವ ಟೋಪಿ, ಮುಖಕ್ಕೆ ಗಾಜು, ಬೆನ್ನ ಹಿಂದೆ ಉದ್ದನೆಯ ಪೈಪು. ಪೈಪಿನ ಆ ತುದಿಯಲ್ಲಿ, ಹೊರಗಿನ ಒಳ್ಳೆಯ ಗಾಳಿಯಲ್ಲಿ, ಪುಟ್ಟದೊಂದು ಪಂಪ್. ಪಂಪ್ ಎಲ್ಲಿಯ ಗಾಳಿ ಎಳೆಯುತ್ತದೋ ಟೋಪಿಯೊಳಗಿನವನಿಗೆ ಅದೇ ಗಾಳಿ. ಟೋಪಿ ಬಂದದ್ದು ಮೇಸ್ತ್ರಿಯ ಎದೆ ಕೆಟ್ಟಿದ್ದರಿಂದ, ಏರಿದ್ದು ಭಾಮೈದನ ತಲೆಗೆ. ಮೇಸ್ತ್ರಿಗೆ ಸಿಕ್ಕಿದ್ದು ಪಂಪಿನ ಪಕ್ಕದಲ್ಲೊಂದು ಕುರ್ಚಿ.

ಅವನ ಹೊಟ್ಟೆ ಉರಿಯುತ್ತಿತ್ತು. ಗನ್ನನ್ನು ಎಷ್ಟು ದೂರ ಹಿಡಿಯಬೇಕು, ಮಣಿಕಟ್ಟು ಎಲ್ಲಿ ತಿರುಗಿಸಬೇಕು, ಎಲ್ಲವನ್ನೂ ಆ ಹುಡುಗನಿಗೆ ಕೈ ಹಿಡಿದು ಕಲಿಸಿದ್ದು ಯಾರು? ಮನೆಯಲ್ಲಿ ಹೆಂಡತಿ ಬೇರೆ, ಊಟಕ್ಕೆ ಬಡಿಸುತ್ತಲೇ ತಮ್ಮನ ಗುಣಗಾನ ಶುರು ಮಾಡುತ್ತಿದ್ದಳು. ಇದೆಲ್ಲ ಸಾಲದೆಂಬಂತೆ ಮೊನ್ನೆ ಯಜಮಾನರು ಆಫೀಸಿನ ಬಾಗಿಲಲ್ಲಿ ನಿಂತು "ಏ ಕನ್ನಡಿ" ಎಂದು ಕೂಗಿದರು. ಮೇಸ್ತ್ರಿ ಎದ್ದು ನಿಂತ. ಕರೆದದ್ದು ಭಾಮೈದನನ್ನು.

ಇವತ್ತು ಬಿಳಿ ದೋಣಿಗೆ ಕೊನೆಯ ಕೋಟು ಬಣ್ಣ. ಪಂಪ್ ಇರಬೇಕಾದದ್ದು ದೂರದ ಗೇಟಿನ ಬಳಿ. ಅಲ್ಲಿಂದ ಮೇಸ್ತ್ರಿಗೆ ಶೆಡ್ಡಿನ ತಗಡು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ: ಬಣ್ಣ ಎಲ್ಲಾದರೂ ದಪ್ಪಗೆ ಬಿದ್ದು ಕೆಳಗಿಳಿಯಬೇಕು, ಅದನ್ನು ತಾನು ಕಣ್ಣಾರೆ ಕಾಣಬೇಕು. ಗಾಳಿ ಶೆಡ್ಡಿನ ಬಾಗಿಲಿನಿಂದ ಒಳಕ್ಕೆ ಬೀಸುತ್ತಿದೆ, ಮಂಜೆಲ್ಲ ಹಿಂದಿನ ಫ್ಯಾನಿನಿಂದ ಆಚೆ ಹೋಗುತ್ತಿದೆ, ಏನಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಪಂಪನ್ನೂ ಕುರ್ಚಿಯನ್ನೂ ಬಾಗಿಲ ಹತ್ತಿರಕ್ಕೆ ತಂದ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಭಾಮೈದ ದೋಣಿಯ ಹಿಂದಿನ ತುದಿಯಿಂದ ಮೂತಿಯ ಕಡೆಗೆ ಅವಸರವಿಲ್ಲದೆ ಬರುತ್ತಿದ್ದ. ಬಣ್ಣ ಎಲ್ಲೂ ಇಳಿದಿರಲಿಲ್ಲ. ಹಾಳಾದವನು ಅಷ್ಟು ಚೆನ್ನಾಗಿ ಹೊಡೆಯುತ್ತಿದ್ದ.

ಆಗ ಗಾಳಿ ತಿರುಗಿತು. ಹಿಂದೆ ಹೋಗಬೇಕಾದ ಬಿಳಿ ಮಂಜು ಫ್ಯಾನನ್ನು ಸೋಲಿಸಿ ಬಾಗಿಲ ಕಡೆಗೆ ಹೊರಳಿತು. ಬಾಗಿಲಲ್ಲಿ ಪಂಪ್ ಬಾಯಿ ತೆರೆದುಕೊಂಡು ಕೂತಿತ್ತು.

ಮೇಸ್ತ್ರಿ ಎದ್ದ, ಆದರೆ ತಕ್ಷಣ ಕೈ ಚಾಚಲಿಲ್ಲ. ಒಂದೇ ಒಂದು ಸಲ ಎಳೆದುಕೊಳ್ಳಲಿ ಎಂದು ಅವನ ಮನಸ್ಸು ಹೇಳಿತು. ಒಂದು ಸಲ ಸಾಕು, ಇವನ ಎದೆಯೂ ಮುನಿಸಿಕೊಳ್ಳಲಿ, ನನ್ನ ಪಕ್ಕದಲ್ಲೇ ಇವನಿಗೂ ಒಂದು ಕುರ್ಚಿ ಹಾಕಲಿ. ಆ ಕುರ್ಚಿಯಲ್ಲಿ ಭಾಮೈದ ಬಾಯಿ ತೆರೆದು ಉಸಿರಿಗೆ ಒದ್ದಾಡುವುದು ಕಣ್ಣಿಗೆ ಕಟ್ಟಿತು. ರಾತ್ರಿಯಿಡೀ ಹಾಗೆ ಒದ್ದಾಡುವುದು ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಉಸಿರು ಬಿಗಿಹಿಡಿದು ಪಂಪನ್ನು ಬಾಚಿ ತಬ್ಬಿಕೊಂಡು ಗೇಟಿನ ಕಡೆಗೆ ಓಡಿದ. ಪೈಪು ಜಗ್ಗಿತು. ಅರ್ಧ ದಾರಿಯಲ್ಲಿ ಉಸಿರು ಸೋತಿತು, ಬೇಡವೆಂದರೂ ಒಮ್ಮೆ ಎಳೆದುಕೊಂಡ. ಗೇಟಿನ ಬಳಿ ಪಂಪ್ ಇಳಿಸಿ, ಜೇಬಿನಿಂದ ಇನ್ಹೇಲರ್ ತೆಗೆದು, ಅಲ್ಲೇ ಕುಸಿದು ಕೂತ.

ಎದೆ ಕೊಂಚ ಸಡಿಲವಾಗಿ ಅವನು ಎದ್ದು ಬರುವ ಹೊತ್ತಿಗೆ ಮಂಜು ಕರಗಿತ್ತು, ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಬಿಳಿ ಮೂತಿಯ ಮೇಲೆ ಬಣ್ಣ ಒಂದು ಕಡೆ ಇಳಿದು ಗೆರೆಯಾಗಿತ್ತು. ಪೈಪು ಜಗ್ಗಿದಾಗ ಗನ್ ಹಿಡಿದ ಕೈ ಅಲುಗಿದ್ದ ಜಾಗ ಅದು.

ಭಾಮೈದ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಲ್ಲಗೆ ಹೇಳಿದ, "ನನ್ ಕೈ ಜಾರ್ತು ಯಜಮಾನ್ರೇ. ಒಣಗಿದ್ಮೇಲೆ ಉಜ್ಜಿ ಸರಿ ಮಾಡ್ತೀನಿ."

"ಎಷ್ಟಾದ್ರೂ ಕನ್ನಡಿ ಕೈಯೇ ಬೇರೆ," ಎಂದರು ಯಜಮಾನರು, ಮೇಸ್ತ್ರಿಯ ಕಡೆ ನೋಡುತ್ತಾ. "ಅವನಾಗಿದ್ರೆ ಹೀಗಾಗ್ತಿರ್ಲಿಲ್ಲ."

ಎಷ್ಟು ಕಾಲದಿಂದ ಕಾದಿದ್ದ ಮಾತು. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಹೆಸರು ಮತ್ತೆ ಅವನದೇ. ಆದರೆ ಪೈಪು ಜಗ್ಗಿದ್ದು ಭಾಮೈದನಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ನಿಂತಿದ್ದಾನಲ್ಲ ಎಂದು ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಒಳ್ಳೆಯತನದಲ್ಲೂ ಇವನೇ ಮುಂದೆ ಹೋಗಬೇಕೇ?

"ಅವನ ಕೈ ಜಾರಿದ್ದಲ್ಲ," ಎಂದ, ಏದುಸಿರಿನ ನಡುವೆ. "ಪೈಪು ಎಳೆದದ್ದು ನಾನು. ಪಂಪ್ ಬಾಗಿಲ ಹತ್ರ ತಂದಿಟ್ಟಿದ್ದೂ ನಾನೇ. ಇನ್ನೊಂದು ಚೂರು ತಡ ಮಾಡಿದ್ರೆ ಆ ವಿಷ ಟೋಪಿಯೊಳಗೆ ಹೋಗ್ತಿತ್ತು."

ಯಜಮಾನರು ಮುಖ ಗಂಟಿಕ್ಕಿಕೊಂಡು ಅವನನ್ನೊಮ್ಮೆ, ದೋಣಿಯನ್ನೊಮ್ಮೆ ನೋಡಿದರು. ನಾಳೆ ಆಫೀಸಿಗೆ ಬಂದು ಕಾಣು ಎಂದಷ್ಟೇ ಹೇಳಿ ಹೊರಟರು.

ಭಾಮೈದ ಕಂಕುಳಲ್ಲಿದ್ದ ಟೋಪಿಯನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ಹತ್ರ ಯಾಕೆ ತಂದ್ರಿ ಭಾವ?"

"ನಿನ್ನ ಕೆಲಸದಲ್ಲಿ ತಪ್ಪು ಹುಡುಕೋಕೆ."

"ಸಿಕ್ತಾ?"

ಮೇಸ್ತ್ರಿ ಮೂತಿಯಿಂದ ಹಿಂದಿನ ತುದಿಯವರೆಗೆ ದೋಣಿಯ ಮೇಲೆ ಕಣ್ಣು ಹಾಯಿಸಿದ. ಹಸಿ ಬಣ್ಣದಲ್ಲಿ ಅವರಿಬ್ಬರೂ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರು.

"ಇಲ್ಲ ಕಣೋ," ಎಂದ. "ನಾನು ಮಾಡಿದ್ದು ಬಿಟ್ರೆ ಒಂದೂ ಸಿಗ್ಲಿಲ್ಲ."