ಸೀಳುವವಳನ್ನು ಯಾರೂ ಕೇಳಲಿಲ್ಲ

“ಸೌದೆ ಸೀಳೋ ಮೆಷಿನ್ ನೋಡೋಕೆ ಹೋಗ್ತಿದ್ದೀನಿ. ಬೇಕಿದ್ರೆ ನೀನೂ ಬಾ,” ಎಂದ ತಮ್ಮ.

ಆ ‘ಬೇಕಿದ್ರೆ’ ಎಂಬ ಒಂದು ಮಾತಿಗೇ ಬೆಣೆಯಕ್ಕನ ಮೈ ಉರಿದುಹೋಯಿತು.

ಬೆಣೆಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಎಂಥ ದಪ್ಪ ಕೊರಡನ್ನಾದರೂ ಸರಿ, ಅವಳು ಒಂದು ಸುತ್ತು ಬಂದು ನೋಡುವಳು, ಉಕ್ಕಿನ ಬೆಣೆಯನ್ನು ಒಂದು ಕಡೆ ಊರುವಳು, ಸುತ್ತಿಗೆಯಿಂದ ನಾಲ್ಕು ಏಟು ಹಾಕುವಳು. ಕೊರಡು ಬಾಯಿ ಬಿಡುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಸೌದೆ ಅಂಗಡಿ ಅಕ್ಕ ತಮ್ಮಂದಿರ ಪಾಲಿಗೆ ಬಂದಿತ್ತು. ತಮ್ಮ ಮುಂದಿನ ಕೋಣೆಯಲ್ಲಿ ಫೋನ್ ಹಿಡಿದು ಕುಳಿತ. ಅಕ್ಕ ಹಿತ್ತಲಲ್ಲಿ ಕೊಡಲಿ ಹಿಡಿದು ನಿಂತಳು. ಹೀಗೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಅವನು ಕುಳಿತುಬಿಟ್ಟಿದ್ದ, ಅಷ್ಟೇ. ಹತ್ತೊಂಬತ್ತು ವರ್ಷ ಹಾಗೇ ನಡೆಯಿತು.

ಹೋದ ತಿಂಗಳು ಅವಳ ಬಲಭುಜ ಕೈಕೊಟ್ಟಿತು. ಮೂಳೆ ಡಾಕ್ಟರು ತೋಳನ್ನು ಮೇಲೆತ್ತಿಸಿ, ಇಳಿಸಿ, ಒತ್ತಿ ನೋಡಿ, “ಇನ್ನು ಕೊಡಲಿ ಮುಟ್ಟಬೇಡಿ” ಎಂದರು. ತಮ್ಮ ಮೂರು ದಿನ ತಲೆ ಮೇಲೆ ಕೈ ಹೊತ್ತು ಕುಳಿತ. ಬಂದವರಿಗೆಲ್ಲ, “ನಮ್ಮ ಕೈ ಮುರಿದಂಗಾಯ್ತು” ಎಂದು ಹೇಳಿಕೊಂಡ. ಹೋದದ್ದು ಅವಳ ಭುಜ. ಮುರಿದದ್ದು ಅವನ ಕೈ! ನಾಲ್ಕನೆಯ ದಿನ ಎಲ್ಲಿಗೋ ಫೋನ್ ಮಾಡಿದ. ಈಗ ‘ಬೇಕಿದ್ರೆ ಬಾ’ ಅಂತೆ.

ಅವಳು ಹಿತ್ತಲಿಗೆ ಹೋಗಿ ರಾಶಿಯಿಂದ ಒಂದು ಕೊರಡನ್ನು ಆರಿಸಿದಳು. ಎರಡು ಕೊಂಬೆ ಕವಲೊಡೆದ ಜಾಗದ ತುಂಡು, ನಡುವೆ ಮುಷ್ಟಿ ಗಾತ್ರದ ಗಂಟು, ಒಳಗೆ ಎಳೆ ಹಗ್ಗದಂತೆ ಹೊಸೆದುಕೊಂಡದ್ದು. ಎಡಗೈಯಲ್ಲಿ ಉರುಳಿಸಿಕೊಂಡು ಬಂದು ವ್ಯಾನಿನೊಳಗೆ ನೂಕಿದಳು.

ತಮ್ಮ ನಕ್ಕ. “ಮೆಷಿನ್ ಅಂಗಡಿಗೆ ಸೌದೆ ಯಾಕೆ ಅಕ್ಕಾ?”

“ಚಪ್ಪಲಿ ಅಂಗಡಿಗೆ ಕಾಲು ಮನೇಲಿಟ್ಟು ಹೋಗ್ತೀಯಾ?”

ಅಂಗಡಿ ಗಾಜಿನ ಬಾಗಿಲಿನದು. ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮಾರಾಟದವನು ಇಸ್ತ್ರಿ ಮುರಿಯದ ಅಂಗಿ ತೊಟ್ಟು ನಗುತ್ತಾ ಬಂದ. “ಬನ್ನಿ ಸಾರ್” ಎಂದು ತಮ್ಮನಿಗೆ ಕುರ್ಚಿ ಎಳೆದು ಹಾಕಿದ. ಅವಳನ್ನು ನೋಡಿ ತಲೆಯಾಡಿಸಿದ. ಇನ್ನೊಂದು ಕುರ್ಚಿ ಬರಲಿಲ್ಲ. ಅವಳು ನಿಂತಳು. ನಿಂತದ್ದರಿಂದ ಅಂಗಡಿಯನ್ನೆಲ್ಲ ಕಣ್ತುಂಬ ನೋಡುವಂತಾಯಿತು.

ಕೆಂಪು ಬಣ್ಣದ ಮೆಷಿನ್ನೊಂದು ಮುಂದೆಯೇ ಇತ್ತು. ಮೇಜಿನಂಥ ಹಲಗೆ, ಅದರ ತುದಿಗೆ ಸ್ಕ್ರೂವಿನಂತೆ ಸುತ್ತು ಕೊರೆದ ದಪ್ಪ ಉಕ್ಕಿನ ಮೂತಿ. ಮಾರಾಟದವನು ಗುಂಡಿ ಒತ್ತಿದ. ಮೂತಿ ಗಿರ್ರನೆ ತಿರುಗಿತು. ಸಿಪ್ಪೆ ಸುಲಿದ, ಸೌತೆಕಾಯಿಯಷ್ಟು ನೆಟ್ಟಗಿದ್ದ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಅದಕ್ಕೆ ಒತ್ತಿದ. ತುಂಡು ಚಟ್ಟನೆ ಎರಡಾಯಿತು.

“ಬೆಣ್ಣೆ ಸಾರ್, ಬೆಣ್ಣೆ!”

“ಗಂಟು ಸಿಕ್ಕಿದ್ರೆ?” ಎಂದಳು ಬೆಣೆಯಕ್ಕ.

ಅವನು ತಮ್ಮನ ಕಡೆ ತಿರುಗಿ, “ಅದೆಲ್ಲ ಆರಾಮಾಗಿ ಹೋಗುತ್ತೆ ಸಾರ್” ಎಂದ.

“ನಿಲ್ಲಿಸೋ ಗುಂಡಿ ಆ ಪಕ್ಕಕ್ಕಿದೆ. ಕೊರಡು ಸಿಕ್ಕಿಹಾಕಿಕೊಂಡ್ರೆ ತಿರುಗ್ತಿರೋದರ ಮೇಲೇ ಕೈ ಚಾಚಬೇಕಲ್ಲ?”

“ಮೇಡಂ, ಹೆದರ್ಕೋಬೇಡಿ. ಅಡುಗೆಮನೆ ಮಿಕ್ಸಿ ಇದ್ದ ಹಾಗೆ, ಅಷ್ಟೇ ಸುಲಭ.”

“ನಾನು ಮಿಕ್ಸಿ ತಿರುಗ್ತಿರೋವಾಗ ಒಳಗೆ ಕೈ ಇಡಲ್ಲಪ್ಪ.”

“ಅಕ್ಕಾ, ಸ್ವಲ್ಪ ಸುಮ್ಮನಿರು,” ತಮ್ಮ ಹಲ್ಲು ಕಚ್ಚಿ ಹೇಳಿದ. “ನಾನು ಮಾತಾಡ್ತಿದ್ದೀನಲ್ಲ.”

ಅವಳ ಪಿತ್ತ ನೆತ್ತಿಗೇರಿತು. ಸರಸರನೆ ಹೊರಗೆ ಹೋದಳು. ವ್ಯಾನಿನಿಂದ ಕೊರಡನ್ನು ಕೆಡವಿ, ಹೊಳೆಯುವ ನೆಲದ ಮೇಲೆ ಕಾಲಲ್ಲೇ ಉರುಳಿಸುತ್ತಾ ತಂದಳು. ಮಣ್ಣು, ತೊಗಟೆ ಹಿಂದೆಯೇ ಉದುರುತ್ತಾ ಬಂತು.

“ಸೀಳು ಇದನ್ನ.”

ಮಾರಾಟದವನ ನಗೆ ಅರ್ಧಕ್ಕೆ ನಿಂತಿತು. ತಮ್ಮನ ಮುಖ ನೋಡಿದ. “ಸೀಳಿಬಿಡಿ ಸಾರ್,” ಎಂದು ತಮ್ಮ ಕುರ್ಚಿಯಿಂದ ಎದ್ದ. “ಒಂದು ಸಲ ಸೀಳಿದ್ರೆ ಇವಳ ಬಾಯಿ ಮುಚ್ಚುತ್ತೆ.”

ಇಬ್ಬರೂ ಸೇರಿ ಕೊರಡನ್ನು ಹಲಗೆಗೆ ಎತ್ತಿಟ್ಟರು. ಮೂತಿ ಅದರೊಳಗೆ ನಾಲ್ಕು ಬೆರಳಷ್ಟು ಇಳಿಯಿತು. ಆಮೇಲೆ ಗಂಟು ಸಿಕ್ಕಿತು. ಮರ ಸೀಳಲಿಲ್ಲ, ಮೂತಿ ನಿಲ್ಲಲಿಲ್ಲ. ಕೊರಡೇ ಮಾರಾಟದವನ ಕೈಯಿಂದ ಕಿತ್ತುಕೊಂಡು ತಿರುಗತೊಡಗಿತು. ಅದರ ಕವಲು ಅವನ ತೋಳಿನ ಬಟ್ಟೆಯನ್ನು ಹರಿದುಕೊಂಡು ಹೋಗಿ, ತಮ್ಮ ಆಗಷ್ಟೇ ಬಿಟ್ಟೆದ್ದ ಕುರ್ಚಿಯನ್ನು ಅಪ್ಪಳಿಸಿತು. ಕುರ್ಚಿಯ ಕಾಲು ಮುರಿದು ಗೋಡೆಗೆ ಬಿತ್ತು. ಮಾರಾಟದವನು ಹಿಂದೆ ಹಾರಿದ. ಗುಂಡಿಯ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಕೊರಡು ಗದೆಯಂತೆ ಸುತ್ತುತ್ತಲೇ ಇತ್ತು.

ಬೆಣೆಯಕ್ಕ ಗೋಡೆಯ ಬದಿಯಿಂದ ಬಳಸಿ ಹೋಗಿ, ಸಾಕೆಟ್ಟಿನಲ್ಲಿದ್ದ ವೈರನ್ನು ಕಿತ್ತಳು.

ಎಲ್ಲ ನಿಂತಿತು. ಮಾರಾಟದವನು ಅಂಗಿ ಹರಿದ ತೋಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಚರ್ಮ ತರಚಿತ್ತು, ಅಷ್ಟೇ.

“ಬೇಕು ಬೇಕಂತಲೇ ಅಂಥ ಕೊರಡು ತಂದಿದ್ದೀಯ!” ತಮ್ಮ ಕಿರುಚಿದ. “ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆಯೋಕೆ!”

“ಅಂಥದ್ದೇ ಕಣೋ ದಿನಾ ಬರೋದು! ನೆಟ್ಟಗಿರೋ ಮರ ಎಲ್ಲ ಬಡಗಿ ಮನೆಗೆ ಹೋಗುತ್ತೆ, ನಮಗೆ ಉಳಿಯೋದು ಇದೇ. ಹಿತ್ತಲಿಗೆ ಬಂದು ಎಷ್ಟು ವರ್ಷ ಆಯ್ತು ನೀನು? ಆ ಕೊರಡಿನ ಜಾಗದಲ್ಲಿ ನನ್ನ ಸೆರಗು ಸಿಕ್ಕಿದ್ದಿದ್ರೆ? ಆಗಲೂ ನಿನ್ನ ಮರ್ಯಾದೇನೇ ಹೋಗ್ತಿತ್ತಾ?”

ಮಾರಾಟದವನು ನಡುವೆ ಬಾಯಿ ಹಾಕಿದ, ತನ್ನ ತಪ್ಪಿಲ್ಲವೆಂದು ತೋರಿಸುವ ಅವಸರ ಅವನಿಗೆ. “ನನಗೇನು ಗೊತ್ತು ಮೇಡಂ? ಸಾರ್ ಫೋನಲ್ಲಿ ಹೇಳಿದ್ರು, ನಡೆಸೋದು ಒಬ್ಬಳು ಆಳು, ಯಾವುದು ಕೊಟ್ರೂ ಹೊಂದ್ಕೋತಾಳೆ ಅಂತ.”

ಆಳು.

ಅವಳು ತಮ್ಮನ ಮುಖ ನೋಡಿದಳು. ಅವನು ಮುರಿದ ಕುರ್ಚಿಯನ್ನು ನೋಡುತ್ತಿದ್ದ. ಅಲ್ಲಿಯವರೆಗೆ ಕುದಿಯುತ್ತಿದ್ದ ಸಿಟ್ಟು ಒಮ್ಮೆಗೇ ತಣ್ಣಗಾಗಿ, ಕಲ್ಲಿನಂತೆ ಎದೆಯಲ್ಲಿ ಕುಳಿತಿತು.

ಸದ್ದು ಕೇಳಿ ಹಿಂದಿನ ಶೆಡ್ಡಿನಿಂದ ಅಂಗಡಿಯ ಮೆಕ್ಯಾನಿಕ್ ಬಂದ. ವಯಸ್ಸಾದವನು, ಕೈಯೆಲ್ಲ ಗ್ರೀಸು. ಯಾರನ್ನೂ ಏನೂ ಕೇಳದೆ ಬಗ್ಗಿ ಕೊರಡನ್ನು ನೋಡಿದ. ಗಂಟಿನ ಮೇಲೆ ಬೆರಳಾಡಿಸಿದ.

“ಇದನ್ನ ಯಾರು ಸೀಳೋದು?”

“ನಾನು,” ಎಂದಳು.

“ದಿನಕ್ಕೆ ಇಂಥವು ಎಷ್ಟಮ್ಮಾ? ಎತ್ತಿ ಇಡ್ತೀರೋ, ಉರುಳಿಸ್ತೀರೋ? ಯಾವ ಕೈಗೆ ಬಲ?”

ಹತ್ತೊಂಬತ್ತು ವರ್ಷದಲ್ಲಿ ಈ ಮೂರು ಪ್ರಶ್ನೆಗಳನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಇಷ್ಟು ಸಣ್ಣ ಮಾತಿಗೆ ಕಣ್ಣು ತುಂಬುವಷ್ಟು ಬರಗೆಟ್ಟಿದ್ದೇನೆಯೇ ಎಂದು.

ಅವಳ ಉತ್ತರ ಕೇಳಿಕೊಂಡು ಮೆಕ್ಯಾನಿಕ್ ಎಲ್ಲರನ್ನೂ ಹಿಂದಿನ ಶೆಡ್ಡಿಗೆ ಕರೆದೊಯ್ದ. ಮೂಲೆಯಲ್ಲಿ ಇನ್ನೊಂದು ಮೆಷಿನ್ ಇತ್ತು, ಬಣ್ಣ ಮಾಸಿದ್ದು. ಅದನ್ನು ನೆಟ್ಟಗೆ ನಿಲ್ಲಿಸಿದರೆ ಕೆಳಗಿನ ತಟ್ಟೆ ನೆಲಕ್ಕೆ ತಾಗುತ್ತಿತ್ತು. ಕೊರಡನ್ನು ಎತ್ತುವ ಮಾತೇ ಇಲ್ಲ, ಉರುಳಿಸಿದರಾಯಿತು. ಹಿಡಿ ಎರಡು. ಎರಡನ್ನೂ ಒತ್ತಿ ಹಿಡಿದರೆ ಮಾತ್ರ ಮೇಲಿನ ಉಕ್ಕಿನ ಅಲಗು ನಿಧಾನವಾಗಿ ಇಳಿಯುತ್ತದೆ. ಒಂದು ಕೈ ಬಿಟ್ಟರೂ ಅಲ್ಲೇ ನಿಲ್ಲುತ್ತದೆ.

ಮೆಕ್ಯಾನಿಕ್ ಮೂತಿಯಿಂದ ಬಿಡಿಸಿಕೊಟ್ಟ ಅದೇ ಕೊರಡನ್ನು ಅವಳು ಉರುಳಿಸಿ, ಒಂದು ಸುತ್ತು ಬಂದು ನೋಡಿ, ತಿರುಗಿಸಿಟ್ಟಳು. ಹಿಡಿ ಒತ್ತಿದಳು. ಕೊರಡು ನರಳಿತು, ಕಿರುಗುಟ್ಟಿತು, ಕೊನೆಗೆ ಗಂಟಿನ ಪಕ್ಕದಲ್ಲೇ ಬಿರಿಯಿತು. ಕೈ ಸೊಂಟಕ್ಕಿಂತ ಮೇಲೆ ಏಳಲೇ ಇಲ್ಲ.

“ತುಂಬಾ ನಿಧಾನ,” ಎಂದ ತಮ್ಮ.

“ನಿನಗೆ ಅವಸರ ಇದ್ರೆ ನೀನೇ ಬಂದು ಒತ್ತು. ಇದೇ ಬೇಕು. ಸೌದೆ ಸಾಗಿಸೋ ತಳ್ಳುಗಾಡೀನೂ ನಾನೇ ನೋಡ್ತೀನಿ.”

ಅಲ್ಲಿದ್ದ ಒಂಟಿ ಚಕ್ರದ ತಳ್ಳುಗಾಡಿಗೆ ಸೀಳಿದ ಸೌದೆ ತುಂಬಿಸಿ, ಹೊಸ್ತಿಲು ದಾಟಿಸಿ ನೋಡಿದಳು. ಅದು ಬಲಕ್ಕೆ ವಾಲಿತು, ಭುಜ ಚುರ್ ಎಂದಿತು. ಅಲ್ಲೇ ಬಿಟ್ಟಳು. ಎರಡು ದೊಡ್ಡ ಚಕ್ರದ್ದು, ಹಿಡಿ ಸರಿಯಾಗಿ ಅವಳ ಸೊಂಟದ ಮಟ್ಟಕ್ಕೆ ಬರುವಂಥದ್ದು, ಒಂದೇ ಕೈಯಲ್ಲಿ ತಳ್ಳಿದರೂ ಹೋಯಿತು. ಅದನ್ನೇ ಆರಿಸಿದಳು.

“ಇದು ನಮ್ಮ ಹಿತ್ತಲ ಬಾಗಿಲಲ್ಲಿ ಹಿಡಿಸಲ್ಲ ಅಕ್ಕಾ.”

“ಬಾಗಿಲು ಒಡಿ.”

ಮರುದಿನ ಬೆಳಿಗ್ಗೆ ಮೆಷಿನ್ನೂ ಗಾಡಿಯೂ ಬಂದು ಬೀದಿಯಲ್ಲಿ ಇಳಿದವು. ತಮ್ಮ ಹಾರೆ ಹಿಡಿದು ಹಿತ್ತಲ ಬಾಗಿಲಿನ ಚೌಕಟ್ಟು ಕೀಳುತ್ತಿದ್ದ. ಅಂಗೈಯಲ್ಲಿ ಆಗಲೇ ಬೊಬ್ಬೆ ಎದ್ದಿತ್ತು. ಅವಳು ಕೈ ಹಚ್ಚಲಿಲ್ಲ. ಒಂದು ಸಾಲು ಇಟ್ಟಿಗೆ ಕಳಚಿದ ಮೇಲೆ ಅವನು ನಿಂತು, ಅವಳ ಮುಖ ನೋಡದೆ ಹೇಳಿದ:

“ಅವತ್ತು ಫೋನಲ್ಲಿ... ಬಾಯಿ ತಪ್ಪಿ ಬಂತು.”

“ಬಾಯಿ ತಪ್ಪಿಲ್ಲ. ಮನಸ್ಸಲ್ಲಿದ್ದದ್ದೇ ಬಂತು. ಒಡಿ, ಇನ್ನೂ ಎರಡು ಗೇಣು ಬೇಕು.”

ಮುಂದಿನ ಕೋಣೆಯಲ್ಲಿ ಫೋನ್ ಬಡಿದುಕೊಂಡಿತು. ತಮ್ಮ ಅಭ್ಯಾಸಬಲದಿಂದ ಹಾರೆ ಬಿಟ್ಟು ಓಡಿದ. ಬೇಕರಿಯವನು. “ಆಯ್ತು ಸಾರ್, ಮಧ್ಯಾಹ್ನದೊಳಗೆ ಪೂರ್ತಿ ಲೋಡು...” ಎನ್ನುವಷ್ಟರಲ್ಲಿ ಅವಳು ಹಿಂದೆಯೇ ಬಂದು ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

“ಸೀಳೋರು ಮಾತಾಡ್ತಿರೋದು. ಇವತ್ತು ಅರ್ಧ ಲೋಡು ಬರುತ್ತೆ. ಮಿಕ್ಕಿದ್ದು ನಾಳೆ. ಇನ್ಮೇಲೆ ಎಷ್ಟು, ಯಾವಾಗ ಅಂತ ನನ್ನನ್ನೇ ಕೇಳಿ.”

ಆ ಕಡೆಯಿಂದ ಬೇಕರಿಯವನು ಏನೋ ಗೊಣಗಿದ. ಆಮೇಲೆ, “ಸರಿ ಕಣಮ್ಮ” ಎಂದ.

ತಮ್ಮ ಬಾಗಿಲಲ್ಲಿ ನಿಂತೇ ಇದ್ದ, ಮೈಯೆಲ್ಲ ಇಟ್ಟಿಗೆ ಪುಡಿ. ಅವಳು ಫೋನನ್ನು ಅವನಿಗೆ ಮರಳಿ ಕೊಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು.