ಅಲ್ಲ ಎನ್ನುವವರು ಬೇಕು

ಗೈಡ್ ಮೇಡಂ ಅವಳ ಹಾಳೆಯನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಕನ್ನಡಕ ಕೆಳಗಿಳಿಯಿತೆಂದರೆ ಎದುರಿಗಿದ್ದವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಇದು ಇಡೀ ವಿಭಾಗಕ್ಕೆ ಗೊತ್ತು.

"'ಕಾಯಿಲೆ ಬಿದ್ದವರ ಆರೈಕೆಗೆ ಹಲವು ಮುಖಗಳಿವೆ.' ಇದೇನಮ್ಮ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ? ಇದನ್ನ ಯಾರಾದ್ರೂ ಅಲ್ಲ ಅಂತಾರಾ?"

"ಇಲ್ಲ ಮೇಡಂ."

"ಎಲ್ಲರೂ ಮೊದಲೇ ಒಪ್ಪಿಕೊಂಡಿರೋದಕ್ಕೆ ಇಪ್ಪತ್ತೈದು ಪುಟ ಯಾಕೆ ಬರೀತೀಯ?"

ಮೇಡಂ ಅವರದು ಒಂದು ವಿಚಿತ್ರ ಪದ್ಧತಿ. ಪ್ರಬಂಧದ ಮುಖ್ಯ ವಾಕ್ಯವನ್ನು, ಅಂದರೆ ಇಡೀ ಬರಹ ಸಾಧಿಸಿ ತೋರಿಸಬೇಕಾದ ಆ ಒಂದು ಮಾತನ್ನು, ವಿಭಾಗದ ಹೊರಗಿನ ಯಾರಿಗಾದರೂ ಓದಿ ಹೇಳಬೇಕು. ಕೇಳಿದವರು "ಅಲ್ಲ" ಅನ್ನಬೇಕು, ಯಾಕೆ ಅಲ್ಲ ಎಂದೂ ಹೇಳಬೇಕು. ಆ ತಕರಾರನ್ನು ಬರೆದು ತಂದರೆ ಮಾತ್ರ ಸಹಿ. ಶುಕ್ರವಾರದೊಳಗೆ ಸಹಿ ಬೀಳದಿದ್ದರೆ ಪ್ರಬಂಧ ಈ ವರ್ಷಕ್ಕಿಲ್ಲ, ಪದವಿಯೂ ಇಲ್ಲ.

ಅವಳು ಎರಡು ದಿನ ಗ್ರಂಥಾಲಯದಲ್ಲಿ ಬೇರು ಬಿಟ್ಟಳು. ಅರವತ್ತು ಮನೆಗಳಿಗೆ ಅಲೆದು ಬರೆದುಕೊಂಡ ಉತ್ತರಗಳು ಎದುರಿಗಿದ್ದವು. "ಆರೈಕೆಯ ಹೊಣೆ ಸಮನಾಗಿ ಹಂಚಿಕೆಯಾಗುವುದಿಲ್ಲ" ಎಂದು ಬರೆದಳು. ಇದನ್ನೂ ಯಾರು ಅಲ್ಲ ಅಂದಾರು? ಹೊಡೆದು ಹಾಕಿದಳು. ಮತ್ತೆ ಹಾಳೆ ತಿರುವಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಅರವತ್ತರಲ್ಲಿ ನಲವತ್ತೇಳು ಮನೆಗಳಲ್ಲಿ ಆರೈಕೆ ಮಾಡಿದ್ದು ತೀರ ಹತ್ತಿರ ವಾಸವಿದ್ದ ಮಗ ಅಥವಾ ಮಗಳು. ಬುಧವಾರ ಮಧ್ಯಾಹ್ನ ವಾಕ್ಯ ಕುದುರಿತು. "ಕಾಯಿಲೆಯ ತಂದೆತಾಯಿಯನ್ನು ಮಕ್ಕಳಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ತೀರ್ಮಾನಿಸುವುದು ಪ್ರೀತಿಯಲ್ಲ, ದೂರ."

ಬರೆದು ಮುಗಿಸಿದಾಗ ಅವಳ ಎದೆ ಹಗುರಾಯಿತು. ಎರಡು ವರ್ಷದಿಂದ ಅಷ್ಟು ಹಗುರಾಗಿರಲಿಲ್ಲ. ಯಾಕೆಂದು ಅವಳು ಕೆದಕಲು ಹೋಗಲಿಲ್ಲ.

ಇನ್ನು ಅಲ್ಲ ಎನ್ನುವವರು ಬೇಕು. ಲೋಕದಲ್ಲಿ ಜಗಳಗಂಟರಿಗೇನು ಬರವೇ ಅಂದುಕೊಂಡು ಹೊರಟಳು. ರೂಂಮೇಟ್ ಕಿವಿಯಿಂದ ಇಯರ್‌ಫೋನಿನ ಒಂದು ತುದಿ ಮಾತ್ರ ತೆಗೆದು "ಸೂಪರ್ ಆಗಿದೆ" ಎಂದಳು. ಇಸ್ತ್ರಿ ಅಂಗಡಿಯವರು ಪೆಟ್ಟಿಗೆಯಿಂದ ಕಣ್ಣೆತ್ತದೆ "ನೀವು ಓದಿದೋರು, ನೀವು ಹೇಳಿದ್ಮೇಲೆ ಸರಿಯೇ" ಎಂದರು. ಮನೆ ಓನರ್ ಆಂಟಿ ಪೂರ್ತಿ ಕೇಳಿ, "ಚೆನ್ನಾಗಿ ಬರ್ದಿದ್ದೀಯಮ್ಮ, ನೀರಿನ ಮೋಟರ್ ಆಫ್ ಮಾಡ್ದೆ ತಾನೇ?" ಎಂದರು. ಎಲ್ಲರೂ ಹೂಂಗುಟ್ಟಿದರು, ಎಲ್ಲರೂ ನಕ್ಕರು, ಎಲ್ಲರೂ ತಮ್ಮ ಕೆಲಸಕ್ಕೆ ತಿರುಗಿದರು. ಜಗಳವಾಡಲೂ ಒಂದು ಸಲುಗೆ ಬೇಕು. ಎರಡು ವರ್ಷ ಇದ್ದ ಊರಿನಲ್ಲಿ ತನ್ನ ಮಾತಿಗೆ ಎದುರು ಮಾತಾಡುವಷ್ಟು ಹತ್ತಿರದವರು ಒಬ್ಬರೂ ಇಲ್ಲವೆಂದು ತಿಳಿದಾಗ ಅವಳಿಗೆ ಅಳುವೇ ಬಂತು.

ಒಬ್ಬಳಿದ್ದಳು, ನಿಜ. ಅಕ್ಕ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂದು ತಂಗಿ ಹೇಳಿದರೂ "ಯಾರ್ ಹೇಳಿದ್ದು ನಿಂಗೆ?" ಎಂದು ಸೊಂಟಕ್ಕೆ ಕೈಯಿಡುವವಳು. ಆದರೆ ಅಮ್ಮ ಹೋದ ಮೇಲೆ ಇಬ್ಬರ ನಡುವೆ ಜಗಳವೂ ನಿಂತಿತ್ತು. "ಊಟ ಆಯ್ತಾ?" "ಆಯ್ತು." ಫೋನಿನ ತುಂಬ ಇಷ್ಟೇ.

ಗುರುವಾರ ಮಧ್ಯಾಹ್ನ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಕರೆ ಮಾಡಿದಳು. ಅಕ್ಕನ ಟೈಲರಿಂಗ್ ಅಂಗಡಿಯ ಮೆಷಿನ್ ಸದ್ದು ಮೊದಲು ಕೇಳಿತು.

"ಏನೇ ಗುಬ್ಬಿ, ಬದುಕಿದ್ದೀಯಾ?"

"ಅಕ್ಕಾ, ಒಂದು ವಾಕ್ಯ ಓದ್ತೀನಿ. ನೀನು ಅಲ್ಲ ಅನ್ಬೇಕು. ಕಾಲೇಜಿಗೆ ಬೇಕು."

"ಅದಕ್ಕೇನು, ಓದೋಕ್ ಮುಂಚೆನೇ ಅಲ್ಲ ಅಂತೀನಿ. ಓದು."

ಓದಿದಳು. ಮೆಷಿನ್ ನಿಂತಿತು.

"ಇನ್ನೊಂದ್ಸಲ ಓದು."

ಮತ್ತೆ ಓದಿದಳು. ಈ ಸಲ ಅವಳ ದನಿ ಅವಳಿಗೇ ಹಿಡಿಸಲಿಲ್ಲ.

"ಅಲ್ಲ," ಎಂದಳು ಅಕ್ಕ. ಅದರಲ್ಲಿ ಹಳೆಯ ಕದನದ ಹುರುಪಿರಲಿಲ್ಲ. "ಯಾಕೆ ಅಂತಾನೂ ಬರ್ಕೋಬೇಕಾ? ಬರ್ಕೋ. ಅಮ್ಮ ಹಾಸಿಗೆ ಹಿಡಿದ ತಿಂಗಳು ನಂಗೆ ದೊಡ್ಡ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತ್ತು. ಬಟ್ಟೆ ಕತ್ತರಿಸೋ ವಿಭಾಗಕ್ಕೆ ನಾನೇ ಮುಖ್ಯಸ್ಥೆ. ರೈಲಲ್ಲಿ ಒಂದು ದಿನದ ದಾರಿ. ಹೇಳೋಣ ಅಂತ ಬಾಯಿ ತೆಗೀತಿದ್ದೆ, ನೀನು ಸೀಟ್ ಸಿಕ್ತು ಅಂತ ಕುಣೀತಾ ಒಳಗೆ ಬಂದೆ."

"ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ."

"ನೀನು ಕೇಳ್ಲಿಲ್ಲ. ಹತ್ತಿರ ಇದ್ದೆ ಅಂತ ನೋಡ್ಕೊಂಡಿದ್ದಲ್ಲ ಕಣೇ. ನೋಡ್ಕೋಬೇಕು ಅಂತ ಹತ್ತಿರ ಉಳ್ಕೊಂಡೆ. ಬರ್ಕೊಂಡ್ಯಾ?"

"ಹೂಂ."

"ಸರಿ, ಗಿರಾಕಿ ಬಂದ್ರು."

ಅವಳು ಒಳಗೆ ಹೋಗಿ ನಲವತ್ತೇಳು ಮನೆಗಳ ಹಾಳೆಗಳನ್ನು ಹರಡಿಕೊಂಡಳು. ಎಷ್ಟು ದೂರದಲ್ಲಿದ್ದೀರಿ ಎಂದು ಎಲ್ಲರನ್ನೂ ಕೇಳಿದ್ದಳು. ಯಾಕೆ ಅಷ್ಟು ಹತ್ತಿರ ಉಳಿದಿರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಆದರೂ ಜನ ಹೇಳಿದ್ದರು. ಕೆಲಸ ಬಿಟ್ಟು ಬಂದೆ, ಮದುವೆ ಮುಂದಕ್ಕೆ ಹಾಕಿದೆ, ವರ್ಗಾವಣೆ ಬೇಡವೆಂದೆ. ಕೆಲಸಕ್ಕೆ ಬಾರದ ಮಾತೆಂದು ಅವನ್ನೆಲ್ಲ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಗೀಚಿ ಬಿಟ್ಟಿದ್ದಳು. ಎಣಿಸಿದರೆ ಮೂವತ್ತೊಂದು ಮನೆ. ಗ್ರಂಥಾಲಯದ ಬಾಗಿಲು ಹಾಕುವ ಹೊತ್ತಿಗೆ ಹೊಸ ವಾಕ್ಯ ಸಿದ್ಧವಾಗಿತ್ತು.

ಶುಕ್ರವಾರ ಮೇಡಂ ಅದನ್ನು ಗಟ್ಟಿಯಾಗಿ ಓದಿದರು. "'ತಂದೆತಾಯಿಯ ಆರೈಕೆ ಹತ್ತಿರವಿದ್ದವರ ಪಾಲಿಗೆ ತಾನಾಗಿ ಬಂದದ್ದಲ್ಲ, ನೋಡಿಕೊಳ್ಳಲು ಮನಸ್ಸು ಮಾಡಿದವರು ಹತ್ತಿರ ಉಳಿದರು, ಮನಸ್ಸು ಮಾಡದವರು ದೂರ ಹೋದರು.'" ಕನ್ನಡಕ ಮೂಗಿನ ಮೇಲೇ ಇತ್ತು. "ಭೇಷ್! ಇದು ಮಾತು. ಇದಕ್ಕೆ ಅಲ್ಲ ಅಂದವರು ಯಾರು?"

"ನಾನು, ಮೇಡಂ."

"ನೀನಾ? ಹೊರಗಿನವರಾಗಬೇಕಲ್ಲಮ್ಮ."

"ಅಮ್ಮನನ್ನ ಅಕ್ಕ ನೋಡಿಕೊಂಡ ಆ ಮನೆಗೆ ನಾನು ಹೊರಗಿನವಳೇ, ಮೇಡಂ."

ಮೇಡಂ ಅವಳ ಮುಖವನ್ನು ನೋಡಿದರು. ಆಮೇಲೆ ಮೆತ್ತಗೆ, "ಸರಿ, ಹೇಳು. ಯಾಕೆ ಅಲ್ಲ?" ಎಂದರು.

ಅವಳಿಗೆ ಒಂದೊಂದೇ ನೆನಪಾಯಿತು. ಸೀಟು ಕೈತಪ್ಪುತ್ತಿತ್ತು. ಪರೀಕ್ಷೆಯಿತ್ತು. ರೈಲಿಗೆ ಟಿಕೆಟ್ ಸಿಗಲಿಲ್ಲ. ನೀನು ಓದು, ಇಲ್ಲಿ ನಾನಿದ್ದೀನಿ ಎಂದು ಅಕ್ಕನೇ ಅಂದಿದ್ದಳು. ಎಲ್ಲವೂ ನಿಜವೇ. ಆದರೆ ಅಲ್ಲ ಎನ್ನಲು ಒಂದೂ ಸಾಲದು. "ಅಲ್ಲ ಅನ್ನೋಕೆ ಆಗ್ತಿಲ್ಲ, ಮೇಡಂ," ಎಂದಳು.